ಮೊತ್ತ ತಾಳೆಯಾದರೆ ಪಟ್ಟಿ ತಾಳೆಯಾದಂತಲ್ಲ

ಎರಡು ಪಟ್ಟಿಗಳಲ್ಲಿರುವ ಪೂರ್ಣಾಂಕಗಳು, ಕ್ರಮ ಏನೇ ಇರಲಿ, ಒಂದೇ ಆಗಿವೆಯೇ ಎಂದು ಪರೀಕ್ಷಿಸಬೇಕಾದಾಗ ಬಹುಮಂದಿ ಮೊದಲು ಎರಡರ ಮೊತ್ತವನ್ನು ಹೋಲಿಸುತ್ತಾರೆ. ಹಲವು ಬ್ಯಾಂಕುಗಳಿಗೆ ಜನ್ಮವಿತ್ತ ಮಂಗಳೂರು, ಉಡುಪಿಗಳಲ್ಲಿ ಈ ಅಭ್ಯಾಸ ಬೇರೂರಿರುವುದು ಸಹಜವೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಮನೆಬಾಗಿಲಿಗೇ ಬಂದು ಸಂಗ್ರಹಿಸತೊಡಗಿತು. ಪಿಗ್ಮಿ ಸಂಗ್ರಾಹಕರ ದಿನದ ಪಟ್ಟಿಯೂ ಶಾಖೆಯ ಲೆಡ್ಜರೂ ಒಂದೇ ಮೊತ್ತ ತೋರಿಸಿದರೆ ನಗದು ಸರಿಯಿದೆ ಎಂದಷ್ಟೇ ಅರ್ಥ. ಒಬ್ಬರ ಹತ್ತು ರೂಪಾಯಿ ಇನ್ನೊಬ್ಬರ ಹೆಸರಿಗೆ ಜಮೆಯಾಗಿದ್ದರೂ ಮೊತ್ತ ಕದಲುವುದಿಲ್ಲ.

ಮೊತ್ತ ಸಾಲದಿದ್ದರೆ ವರ್ಗಗಳ ಮೊತ್ತವನ್ನೂ ನೋಡೋಣ ಎನ್ನುವವರಿದ್ದಾರೆ. 0, 3, 5, 6 ಎಂಬ ಪಟ್ಟಿಯನ್ನು 1, 2, 4, 7 ಎಂಬುದರೊಂದಿಗೆ ಇಟ್ಟು ನೋಡಿ. ಎರಡರ ಮೊತ್ತವೂ 14, ವರ್ಗಗಳ ಮೊತ್ತವೂ 70. ಸಂಖ್ಯೆಗಳ ದ್ವಿಮಾನ ರೂಪವನ್ನು ಸ್ಥಾನಸ್ಥಾನವಾಗಿ ಹೋಲಿಸಿ, ಅಂಕಿಗಳು ಒಂದೇ ಆದಲ್ಲಿ 0, ಬೇರೆಯಾದಲ್ಲಿ 1 ಬರೆಯುವ, ಪ್ರೋಗ್ರಾಮರುಗಳು ಅತಿಯಾಗಿ ನಂಬುವ ಎಕ್ಸಾರ್ (XOR) ಕ್ರಿಯೆ ಕೂಡ ಎರಡಕ್ಕೂ ಸೊನ್ನೆಯನ್ನೇ ಕೊಡುತ್ತದೆ. ಎಷ್ಟನೆಯ ಘಾತದವರೆಗೆ ಬೇಕಾದರೂ ಮೊತ್ತಗಳು ಹೊಂದುವ ಬೇರೆ ಬೇರೆ ಪಟ್ಟಿಗಳನ್ನು ರಚಿಸಬಹುದೆಂದು ಫ್ರಾನ್ಸಿನ ಗಣಿತಜ್ಞ ಪ್ರೂಹೆ 1851ರಲ್ಲೇ ತೋರಿಸಿದ್ದರು.

ಎರಡನ್ನೂ ಏರಿಕೆ ಕ್ರಮದಲ್ಲಿ ಜೋಡಿಸಿ ಹೋಲಿಸಿದರೆ ಉತ್ತರ ಖಚಿತ, ಆದರೆ ಹತ್ತು ಲಕ್ಷ ಸಂಖ್ಯೆಗಳ ಒಂದೊಂದು ಪಟ್ಟಿಗೂ ಸುಮಾರು ಎರಡು ಕೋಟಿ ಹೋಲಿಕೆಗಳು ಬೇಕು. ಪ್ರತಿ ಸಂಖ್ಯೆ ಎಷ್ಟು ಸಲ ಬಂದಿದೆಯೆಂದು ಹ್ಯಾಶ್ ಟೇಬಲಿನಲ್ಲಿ, ಅಂದರೆ ಯಾವ ಸಂಖ್ಯೆಯ ಲೆಕ್ಕವನ್ನೂ ಹುಡುಕಾಟವಿಲ್ಲದೆ ಥಟ್ಟನೆ ತೆರೆದುಕೊಡುವ ಕೋಷ್ಟಕದಲ್ಲಿ, ಎಣಿಸುವುದು ಇದಕ್ಕಿಂತ ಬೇಗ ಮುಗಿಯುತ್ತದೆ. ಅದಕ್ಕೆ ಮೆಮೊರಿ ಹೆಚ್ಚು ಬೇಕು.

ನನ್ನನ್ನು ಇಂದಿಗೂ ಬೆರಗುಗೊಳಿಸುವ ಉಪಾಯ ಬೇರೆಯೇ ಇದೆ. ‘ಕ’ ಎಂಬ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಆರಿಸಿ, ಅದರಿಂದ ಪಟ್ಟಿಯ ಪ್ರತಿ ಸಂಖ್ಯೆಯನ್ನೂ ಕಳೆದು, ಬಂದ ವ್ಯತ್ಯಾಸಗಳನ್ನೆಲ್ಲ ಗುಣಿಸಬೇಕು. ‘ಕ’ 10 ಆಗಿದ್ದರೆ ಮೊದಲ ಪಟ್ಟಿಯಿಂದ 10, 7, 5, 4ರ ಗುಣಲಬ್ಧ 1400 ಸಿಗುತ್ತದೆ, ಎರಡನೆಯದರಿಂದ 9, 8, 6, 3ರ ಗುಣಲಬ್ಧ 1296. ಮೊತ್ತ, ವರ್ಗ, ಎಕ್ಸಾರ್ ಮೂರಕ್ಕೂ ಸಿಗದ ವ್ಯತ್ಯಾಸ ಇಲ್ಲಿ ಸಿಕ್ಕಿಬಿತ್ತು. ಕಾರಣ ಹೀಗಿದೆ: ‘ಕ’ವನ್ನು ಚರಾಕ್ಷರವೆಂದು ಭಾವಿಸಿದರೆ ಪ್ರತಿ ಗುಣಲಬ್ಧವೂ ಒಂದು ಬಹುಪದೋಕ್ತಿ, ಮತ್ತು ಪಟ್ಟಿಯ ಸಂಖ್ಯೆಗಳೇ ಅದರ ಶೂನ್ಯತೆಗಳು, ಅಂದರೆ ಅದನ್ನು ಸೊನ್ನೆಯಾಗಿಸುವ ಬೆಲೆಗಳು. ಪಟ್ಟಿಗಳು ಬೇರೆಯಾದರೆ ಬಹುಪದೋಕ್ತಿಗಳೂ ಬೇರೆ. ನಮ್ಮ ಉದಾಹರಣೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು 16ಕ − 56 ಮಾತ್ರ. ಅದು ಸೊನ್ನೆಯಾಗುವುದು ‘ಕ’ 3.5 ಆದಾಗ. ಎಂದರೆ ಈ ಜೋಡಿಯ ವ್ಯತ್ಯಾಸವನ್ನು ಮರೆಮಾಡಬಲ್ಲ ಪೂರ್ಣಾಂಕವೇ ಇಲ್ಲ.

ಪಟ್ಟಿ ಉದ್ದವಾದಂತೆ ಗುಣಲಬ್ಧ ಮಿತಿಮೀರಿ ಬೆಳೆಯುವುದರಿಂದ, ಪ್ರತಿ ಹೆಜ್ಜೆಯಲ್ಲೂ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. 2ರ 61ನೇ ಘಾತದಿಂದ 1 ಕಳೆದಾಗ ಬರುವ ಸಂಖ್ಯೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದು ಅವಿಭಾಜ್ಯವೆಂದು 1883ರಲ್ಲಿ ಸಾಧಿಸಿದವರು ರಷ್ಯಾದ ಪಾದ್ರಿ ಇವಾನ್ ಪೆರ್ವುಶಿನ್. ಯಂತ್ರದ ನೆರವಿಲ್ಲದೆ ನಡೆದ ಆ ಲೆಕ್ಕದ ಫಲ ಇಂದು ಕಂಪ್ಯೂಟರಿನ 64 ಬಿಟ್‌ಗಳೊಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ಅವಿಭಾಜ್ಯದ ಶೇಷಗಳ ಲೋಕದಲ್ಲೂ ಬಹುಪದೋಕ್ತಿಯ ಶೂನ್ಯತೆಗಳ ಸಂಖ್ಯೆ ಅದರ ಮಹತ್ತಮ ಘಾತವನ್ನು ಮೀರಲಾರದೆಂಬುದು ಲಗ್ರಾಂಜ್ ಅವರ ಪ್ರಮೇಯ. ಹಾಗಾಗಿ, ಸಂಖ್ಯೆಗಳೆಲ್ಲ ಆ ಅವಿಭಾಜ್ಯಕ್ಕಿಂತ ಚಿಕ್ಕವಾಗಿದ್ದರೆ, ಹತ್ತು ಲಕ್ಷ ಉದ್ದದ ಎರಡು ಭಿನ್ನ ಪಟ್ಟಿಗಳು ಒಂದೇ ಎಂದು ಕಾಣುವ ಸಂಭವ ಎರಡು ಲಕ್ಷ ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ.

‘ಸಂಭವ’ ಎಂಬ ಮಾತು ಕೇಳಿದೊಡನೆ ಇದನ್ನು ಜೂಜೆಂದು ತಳ್ಳಿಹಾಕುವವರ ಬಗ್ಗೆ ನನಗೆ ಬೇಸರವಿದೆ. ಮೊತ್ತದ ಪರೀಕ್ಷೆಯನ್ನು ವಂಚಿಸುವ ಪಟ್ಟಿಯನ್ನು ಯಾರು ಬೇಕಾದರೂ ಮೊದಲೇ ಸಿದ್ಧಪಡಿಸಬಹುದು. ಇಲ್ಲಿ ಪಟ್ಟಿಗಳು ಕೈಗೆ ಬಂದ ಮೇಲೆ ‘ಕ’ವನ್ನು ಆರಿಸುವುದರಿಂದ ವಂಚಕನಿಗೆ ಆ ಅವಕಾಶವಿಲ್ಲ. ಇಷ್ಟಾದರೂ ಸಂಶಯ ಉಳಿದರೆ ಮತ್ತೊಂದು ‘ಕ’ ಆರಿಸಿ ಇನ್ನೊಮ್ಮೆ ಗುಣಿಸಬಹುದು. ಆಗ ಎರಡೂ ಸಲ ಮೋಸಹೋಗುವ ಸಂಭವ ಮೊದಲಿನದರ ವರ್ಗಕ್ಕೆ ಇಳಿಯುತ್ತದೆ.