ಪ್ಲಾಟು, ಹೊಲ, ಮನೆ: ಮಾರಿದಾಗಿನ ತೆರಿಗೆ, ಮಕ್ಕಳಿಗೆ ಬಿಡುವ ದಾರಿ

ಆದಾಯ ತೆರಿಗೆ ಓದುವಾಗ ಬಂಡವಾಳ ಲಾಭ (ಆಸ್ತಿ ಮಾರಿದಾಗ ಬರುವ ಲಾಭ) ಒಂದು ಪಾಠ, ವಾರಸುದಾರಿಕೆ ಬೇರೆಯೇ ಪುಸ್ತಕ. ಆದರೆ ಕಲಬುರಗಿಯಲ್ಲಿ ನಾಲ್ಕು ಪ್ಲಾಟು ಹಿಡಿದಿಟ್ಟವರ ಮನೆಯಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ತಂದೆ ತೀರಿಕೊಂಡು ಆಸ್ತಿ ಮಕ್ಕಳಿಗೆ ಬಂದರೆ ತೆರಿಗೆ ಇಲ್ಲ, ತೀರಿಕೊಂಡವರ ಆಸ್ತಿಯ ಮೇಲೆ ಹಾಕುತ್ತಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು. ಆದರೆ ಮಕ್ಕಳು ಅದನ್ನು ಮಾರಿದ ದಿನ ತಂದೆ ಕೊಂಡ ಬೆಲೆಯಿಂದಲೇ ಲಾಭದ ಲೆಕ್ಕ. ತಂದೆ ಇಟ್ಟುಕೊಂಡಿದ್ದ ಕಾಲವೂ ಸೇರುತ್ತದೆ. ಅಂದರೆ ಜಾಗದ ಜೊತೆಗೆ ತೆರಿಗೆಯೂ ಅವರ ಕೈಗೆ ಹೋಗುತ್ತದೆ. ಇದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಇನ್ನೊಂದು ಮಾತು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ನಂಬರುಗಳು ಬದಲಾಗಿವೆ. ಅದಕ್ಕೇ ಇಲ್ಲಿ ನಂಬರು ಬಿಟ್ಟು ವಿಷಯ ಮಾತ್ರ ಬರೆಯುತ್ತಿದ್ದೇನೆ.

ನಮ್ಮ ಕಡೆ ಜಾಸ್ತಿ ಬೇಕಾಗುವುದು ಹೊಲದ ನಿಯಮ. ಹಳ್ಳಿಯ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆಯೇ ಇಲ್ಲ. ಆದರೆ ಯಾವುದು ಹಳ್ಳಿ? ನಗರಸಭೆ ಅಥವಾ ಪಾಲಿಕೆಯ ಗಡಿಯಿಂದ ನೇರ ಗೆರೆ ಎಳೆದು ಅಳೆಯಬೇಕು, ರಸ್ತೆಯ ದೂರ ಲೆಕ್ಕಕ್ಕಿಲ್ಲ. ಊರಿನ ಜನಸಂಖ್ಯೆ 10 ಸಾವಿರದಿಂದ 1 ಲಕ್ಷದೊಳಗಿದ್ದರೆ 2 ಕಿ.ಮೀ., 1ರಿಂದ 10 ಲಕ್ಷದೊಳಗಿದ್ದರೆ 6 ಕಿ.ಮೀ., ಅದಕ್ಕೂ ಮೇಲಿದ್ದರೆ 8 ಕಿ.ಮೀ. ಇಷ್ಟು ದೂರದ ಆಚೆ ಇದ್ದರೆ ಹಳ್ಳಿಯ ಜಮೀನು. 2011ರ ಜನಗಣತಿಯಲ್ಲಿ ಕಲಬುರಗಿ 5 ಲಕ್ಷ ದಾಟಿತ್ತು, ಬೀದರ್ 2 ಲಕ್ಷ ದಾಟಿತ್ತು, ಯಾದಗಿರಿ 1 ಲಕ್ಷದ ಒಳಗೇ ಇತ್ತು. ಆ ಲೆಕ್ಕದಲ್ಲಿ ಯಾದಗಿರಿ ಗಡಿಯಿಂದ 3 ಕಿ.ಮೀ. ಆಚೆಯ ಹೊಲಕ್ಕೆ ತೆರಿಗೆ ಇಲ್ಲ, ಸೇಡಂ ರಸ್ತೆಯಲ್ಲಿ ಕಲಬುರಗಿ ಗಡಿಯಿಂದ ಅಷ್ಟೇ ದೂರದ ಹೊಲಕ್ಕೆ ಇದೆ. ಪಹಣಿಯಲ್ಲಿ ತೊಗರಿ ಅಂತ ಇದ್ದರೆ ಸಾಲದು, ನಿಜವಾಗಿ ಬೆಳೆಯುತ್ತಿರಬೇಕು. ಎನ್‌ಎ (ಕೃಷಿಯೇತರ ಪರಿವರ್ತನೆ) ಮಾಡಿಸಿ ಪ್ಲಾಟು ಹಾಕಿದ ಮೇಲೆ ಅದು ಹೊಲವೇ ಅಲ್ಲ, ಈ ವಿನಾಯಿತಿ ಕೇಳುವ ಹಾಗಿಲ್ಲ. ತಾವೇ ಲೇಔಟ್ ಮಾಡಿ ಒಂದೊಂದೇ ಮಾರುತ್ತ ಹೋದರೆ ವ್ಯಾಪಾರದ ಆದಾಯ ಅಂತಲೂ ಹಿಡಿಯಬಹುದು.

ಈಗ ಪ್ಲಾಟು. 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡಿದ್ದರೆ ದೀರ್ಘಾವಧಿ ಲಾಭ, ತೆರಿಗೆ ಶೇ 12.5. 2024ರ ಜುಲೈ 23ಕ್ಕಿಂತ ಮೊದಲು ಕೊಂಡದ್ದಾದರೆ, ಭಾರತದಲ್ಲೇ ವಾಸವಿರುವ ವ್ಯಕ್ತಿ ಅಥವಾ ಅವಿಭಕ್ತ ಕುಟುಂಬ, ಬೆಲೆ ಏರಿಕೆಯ ಸೂಚ್ಯಂಕ ಹಚ್ಚಿ ಶೇ 20ರ ಲೆಕ್ಕವನ್ನೂ ಹಾಕಿ, ಎರಡರಲ್ಲಿ ಕಡಿಮೆ ಬಂದದ್ದನ್ನು ಕಟ್ಟಬಹುದು. ಒಂದು ಲೆಕ್ಕ ಮಾಡೋಣ. 2010-11ರಲ್ಲಿ 5 ಲಕ್ಷಕ್ಕೆ ಕೊಂಡ ಪ್ಲಾಟು, 2025-26ರಲ್ಲಿ ಮಾರಾಟ. ಸೂಚ್ಯಂಕ 167ರಿಂದ 376ಕ್ಕೆ ಏರಿದೆ, ಹಾಗಾಗಿ 5 ಲಕ್ಷ ಸುಮಾರು 11.26 ಲಕ್ಷ ಆಗುತ್ತದೆ. 40 ಲಕ್ಷಕ್ಕೆ ಮಾರಿದರೆ ತೆರಿಗೆ ಹೊಸ ಲೆಕ್ಕದಲ್ಲಿ (ಶೇ 12.5) 4.37 ಲಕ್ಷ, ಹಳೆಯದರಲ್ಲಿ (ಸೂಚ್ಯಂಕ ಹಚ್ಚಿ ಶೇ 20) 5.75 ಲಕ್ಷ. ಅದೇ ಪ್ಲಾಟು ಬರೀ 15 ಲಕ್ಷಕ್ಕೆ ಹೋದರೆ ಹೊಸದರಲ್ಲಿ 1.25 ಲಕ್ಷ, ಹಳೆಯದರಲ್ಲಿ ಸುಮಾರು 75 ಸಾವಿರ. ಬೆಲೆ ನಿಧಾನಕ್ಕೆ ಏರಿದ ಜಾಗಕ್ಕೆ ಹಳೆಯ ಲೆಕ್ಕ ಲಾಭ, ಜೋರಾಗಿ ಏರಿದ್ದಕ್ಕೆ ಹೊಸದು. (ಸೆಸ್ ಬೇರೆ.)

2001ರ ಏಪ್ರಿಲ್ 1ಕ್ಕಿಂತ ಮೊದಲು ಮನೆಯವರು ಕೊಂಡ ಜಾಗವಾದರೆ, ಆ ದಿನದ ಮಾರುಕಟ್ಟೆ ಬೆಲೆಯನ್ನು ಕೊಂಡ ಬೆಲೆ ಅಂತ ತೋರಿಸಬಹುದು. ಆದರೆ ಆಗಿನ ಮುದ್ರಾಂಕ ಮೌಲ್ಯ (ಮುದ್ರಾಂಕ ಶುಲ್ಕಕ್ಕೆ ಸರ್ಕಾರ ಹಿಡಿಯುವ ಬೆಲೆ) ಸಿಗುವುದಾದರೆ ಅದನ್ನು ಮೀರುವಂತಿಲ್ಲ. ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಿಟ್ಟರೆ ಒಳ್ಳೆಯದು.

ಪತ್ರದಲ್ಲಿ ಕಡಿಮೆ ಬೆಲೆ ಬರೆಸುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ಅಲ್ವಾ? ಗೈಡೆನ್ಸ್ ವ್ಯಾಲ್ಯೂ (ಆ ಜಾಗಕ್ಕೆ ಸರ್ಕಾರ ನಿಗದಿ ಮಾಡಿದ ಬೆಲೆ) ಪತ್ರದ ಬೆಲೆಗಿಂತ ಶೇ 10ನ್ನು ಮೀರಿದರೆ ಮಾರಿದವರ ಲಾಭವನ್ನು ಗೈಡೆನ್ಸ್ ವ್ಯಾಲ್ಯೂ ಮೇಲೆ ಹಿಡಿಯುತ್ತಾರೆ, ಕೊಂಡವರಿಗೂ ತೆರಿಗೆ ಬೀಳಬಹುದು. ಅದಕ್ಕಿಂತ ದೊಡ್ಡ ಪೆಟ್ಟು ಮುಂದಿನ ತಲೆಮಾರಿಗೆ: ಮಕ್ಕಳು ಮಾರುವಾಗ, ಹಿಂದೆ ಕೊಂಡಾಗ ಪತ್ರದಾಚೆ ಕೈಯಿಂದ ಕೊಟ್ಟ ನಗದಿಗೆ ಲೆಕ್ಕವಿಲ್ಲ, ಲಾಭ ದೊಡ್ಡದಾಗಿ ಕಾಣುತ್ತದೆ.

ತೆರಿಗೆ ಉಳಿಸಲು ಪ್ಲಾಟು ಮಾರಿದ ಹಣವನ್ನು ಮನೆಗೆ ಹಾಕಬಹುದು, 2 ವರ್ಷದಲ್ಲಿ ಕೊಳ್ಳಬೇಕು ಅಥವಾ 3 ವರ್ಷದಲ್ಲಿ ಕಟ್ಟಬೇಕು. ಪೂರ್ತಿ ವಿನಾಯಿತಿಗೆ ಮಾರಿದ ಹಣ ಪೂರ್ತಿ ಹಾಕಬೇಕು, ಮತ್ತು ಮಾರುವ ದಿನ ಆಗಲೇ ಎರಡು ಮನೆ ಇದ್ದವರಿಗೆ ಇದು ಸಿಗದು. ಇಲ್ಲವೇ 6 ತಿಂಗಳೊಳಗೆ 50 ಲಕ್ಷದವರೆಗೆ ಸರ್ಕಾರ ಸೂಚಿಸಿದ ಬಾಂಡ್, 5 ವರ್ಷ ಮುಟ್ಟುವಂತಿಲ್ಲ.

ಮಕ್ಕಳಿಗೆ ಬದುಕಿದ್ದಾಗಲೇ ಕೊಡಬೇಕೋ, ವಿಲ್ ಬರೆಯಬೇಕೋ? ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ನಿಗದಿತ ಸಣ್ಣ ಮೊತ್ತ, ಪಡೆದ ಮಗ ಮಗಳಿಗೆ ಆದಾಯ ತೆರಿಗೆಯೂ ಇಲ್ಲ. ಆದರೆ ಹೆಂಡತಿಗೋ ಸೊಸೆಗೋ ಸುಮ್ನೆ ಬರೆದುಕೊಟ್ಟರೆ ಅದರ ಬಾಡಿಗೆ, ಲಾಭ ಎಲ್ಲ ಕೊಟ್ಟವರ ಆದಾಯಕ್ಕೇ ಸೇರುತ್ತದೆ. ಅಪ್ರಾಪ್ತ ಮಕ್ಕಳ ವಿಷಯವೂ ಹಾಗೇ. ವಿಲ್ ಅನ್ನು ಬಿಳಿ ಹಾಳೆಯಲ್ಲೂ ಬರೆಯಬಹುದು, ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಜಗಳ ಕಡಿಮೆ. ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲಿಗೆ ಮಾತ್ರ ವಿಲ್ ಬರೆಯಬಹುದು. ಅದರಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಅಂತ 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತ ಮಾಡಿತು. ಮುಸ್ಲಿಂ ಕಾನೂನಿನಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಿಲ್ ಮಾಡಲಾಗದು.

ನನ್ನ ಅಭಿಪ್ರಾಯದಲ್ಲಿ ಇರುವ ಒಂದೇ ಮನೆಯನ್ನು ದಾನಪತ್ರ ಮಾಡಬಾರದು. ಕೊಡಲೇಬೇಕೆಂದರೆ ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆಗ ಮಕ್ಕಳು ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ದಾನವನ್ನು ರದ್ದು ಮಾಡಿ ಅಂತ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು.