ಬಣ್ಣ ಗಾಜಿಂದು, ಮುಖ ಕಪ್ಪಿಂದು

ಚರ್ಚಿನ ಬಣ್ಣದ ಕಿಟಕಿ ನೋಡಿದೋರು ನನ್ನತ್ರ ಮೊದಲು ಕೇಳೋದು, "ಇಷ್ಟು ನೂರು ವರ್ಷ ಆದ್ರೂ ಪೇಂಟ್ ಹೋಗಿಲ್ವಲ್ಲ ಸಾರ್?" ಅಂತ. ಹೋಗೋಕೆ ಅಲ್ಲಿ ಕೆಂಪು ನೀಲಿ ಪೇಂಟೇ ಇಲ್ಲ ಕಣ್ರೀ. ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನಲ್ಲಿ ಮಗೂನ ತೊಡೆ ಮೇಲೆ ಕೂರಿಸ್ಕೊಂಡಿರೋ ಮೇರಿ ಮಾತೆ ಕಿಟಕಿ ಇದೆ, ಸುಮಾರು 1180ರದ್ದು, 1194ರ ಬೆಂಕೀಲೂ ಉಳ್ಕೊಂಡಿದ್ದು. ಆ ನೀಲಿ ಕೋಬಾಲ್ಟ್‌ದು, ಗಾಜು ಕರಗಿರುವಾಗಲೇ ಅದರೊಳಗೆ ಹಾಕಿದ್ದು. ಕೆಂಪಿಗೆ ತಾಮ್ರ, ಆದ್ರೆ ಇಡೀ ದಪ್ಪಕ್ಕೂ ಕೆಂಪು ಇಟ್ರೆ ಬೆಳಕೇ ಹಾಯಲ್ಲ, ಅದಕ್ಕೇ ಬಿಳಿ ಗಾಜಿನ ಮೇಲೆ ತೆಳ್ಳಗೆ ಒಂದು ಪದರ ಕೊಡ್ತಿದ್ರು.

ಹಾಗಾದ್ರೆ ಚಿತ್ರಗಾರನ ಕೆಲಸ ಏನು? ಅವನ ಹತ್ರ ಇರೋದು ಕಪ್ಪು-ಕಂದು ಪೇಂಟ್ ಒಂದೇ, ಫ್ರೆಂಚರು ಗ್ರಿಜಾಯ್ ಅಂತಾರೆ. ಕಬ್ಬಿಣದ್ದೋ ತಾಮ್ರದ್ದೋ ಆಕ್ಸೈಡು, ಜೊತೆಗೆ ಗಾಜಿನ ಪುಡಿ, ವಿನೆಗರ್ರೋ ಗೋಂದೋ ಹಾಕಿ ಕಲಸಿ, ಬರೆದು, 600 ಡಿಗ್ರಿ ದಾಟಿಸಿ ಸುಟ್ರೆ ಗಾಜಿಗೆ ಕಚ್ಕೊಳತ್ತೆ. ಮೊದಲು ತೆಳ್ಳಗೆ ಬಳಿದು, ಒಣಗಿದ ಮೇಲೆ ಬ್ರಶ್ಶಿನ ಹಿಂದಿನ ತುದೀಲಿ ಕೆರೆದ್ರೆ ಅಲ್ಲಿ ಬೆಳಕು ಬರತ್ತೆ, ಗಡ್ಡದ ಒಂದೊಂದು ಕೂದಲೂ ಹೀಗೇ ತೆಗೆದದ್ದು. ಪ್ಯಾರಿಸ್‌ನ ಸೇಂತ್ ಶಾಪೆಲ್ ಅನ್ನೋ ಚರ್ಚಿನ 15 ಕಿಟಕೀಲಿ 1113 ದೃಶ್ಯ ಇದಾವೆ, ಅಷ್ಟೂ ಜನರ ಕಣ್ಣು ಮೂಗು ಈ ಒಂದೇ ಪೇಂಟಲ್ಲಿ!

14ನೇ ಶತಮಾನದ ಶುರುವಲ್ಲಿ ಬೆಳ್ಳಿ ಬಂತು. ಗಾಜಿನ ಹಿಂಬದಿಗೆ ಬೆಳ್ಳಿ ಸಂಯುಕ್ತ ಬಳಿದು ಸುಟ್ರೆ ಹಳದಿ. ಮುಖ, ಚಿನ್ನದ ಕೂದಲು, ಪ್ರಭಾವಳಿ ಎಲ್ಲ ಒಂದೇ ತುಂಡಲ್ಲಿ, ಬೇರೆ ಬೇರೆ ಬಣ್ಣದ ತುಂಡು ಜೋಡಿಸೋ ಸೀಸದ ಪಟ್ಟಿ ನಡುವೆ ಬೇಡ. ನನ್ನ ಕೇಳಿದ್ರೆ ಇದೇ ದೊಡ್ಡ ಜಾಣತನ.

ಗ್ರಿಜಾಯ್ ಸರಿಯಾಗಿ ಸುಟ್ಟಿಲ್ದಿದ್ರೆ, ಕಿಟಕಿಯ ಒಳಬದೀಲಿ ಇಬ್ಬನಿ ಥರ ನೀರು ಕೂತೂ ಕೂತೂ ಅದು ಉದುರತ್ತೆ, ಬಟ್ಟೆಯ ಬಣ್ಣ ಹಾಗೇ ಇದ್ದು ಮುಖ ಬೋಳಾಗತ್ತೆ. ಈಚೆಗೆ ನನ್ನ ಟೇಬಲ್ಲಿಗೆ ಬಂದ 19ನೇ ಶತಮಾನದ ಫ್ರೆಂಚ್ ಏಂಜಲ್‌ಗೆ ಯಾರೋ ಪುಣ್ಯಾತ್ಮರು ಸ್ಕ್ರಬ್ಬರ್ ಹಾಕಿ ತಿಕ್ಕಿದ್ರು. ರೆಕ್ಕೆ ಹಸಿರು ಫಳಫಳ, ಕಣ್ಣೇ ಇಲ್ಲ. ಟಾರ್ಚ್ ಪಕ್ಕದಿಂದ ಓರೆಯಾಗಿ ಹಿಡಿದಾಗ ಹುಬ್ಬಿನ ಗೆರೆ ಕಂಡಿತು, ಯಾಕಂದ್ರೆ ಪೇಂಟ್ ಇದ್ದ ಕಡೆ ಅದರಡಿಯ ಗಾಜು ಅಷ್ಟು ಸವೆದಿರಲಿಲ್ಲ. ಅದೇ ಆಧಾರ ಇಟ್ಕೊಂಡು ಬರೆದೆ, ಆದ್ರೆ ಹಳೇ ಗಾಜಿನ ಮೇಲಲ್ಲ. ಹಿಂದೆ ಇಟ್ಟ ಇನ್ನೊಂದು ತೆಳು ಗಾಜಿನ ಮೇಲೆ. ಓನರ್‌ಗೆ ಸ್ವಲ್ಪ ಬೇಜಾರು, "ಅದರ ಮೇಲೇ ಬರೆದ್ರೆ ಆಗ್ತಿರಲಿಲ್ವಾ?" ಅಂದ್ರು. ಆಗತ್ತೆ, ಆದ್ರೆ ಇನ್ನೊಂದ್ಸಲ ಕುಲುಮೆಗೆ ಹಾಕಿದ್ರೆ ಹಳೇ ಗಾಜು ಒಡೆದು ಹೋಗ್ಬೋದು, ನಾಳೆ ನನ್ನ ಗೆರೆ ತಪ್ಪು ಅಂತ ಗೊತ್ತಾದ್ರೆ ಅಳಿಸೋಕೂ ಆಗಲ್ಲ.