ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಕಪ್ಪು: ಮದರ್‌ಬೋರ್ಡ್ ಹೋಯಿತು ಅಂತ ಒಪ್ಪಿಕೊಳ್ಳಬೇಕೇ?

ಪ್ರಶ್ನೆ: ನಮ್ಮದು ಮಲೆನಾಡಿನ ಊರು. ಮನೆಯಲ್ಲಿರುವುದು ಏಳು ವರ್ಷ ಹಳೆಯ ಅಸೆಂಬಲ್ಡ್ ಡೆಸ್ಕ್‌ಟಾಪ್. ಮಳೆಗಾಲದಲ್ಲಿ ಕೆಲವು ವಾರ ಊರಲ್ಲಿರಲಿಲ್ಲ, ಸ್ವಿಚ್ ಆಫ್ ಮಾಡಿ ಹೋಗಿದ್ದೆವು. ವಾಪಸ್ ಬಂದು ಆನ್ ಮಾಡಿದರೆ ಫ್ಯಾನ್ ತಿರುಗುತ್ತೆ, ಲೈಟ್ ಉರಿಯುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ರಿಪೇರಿ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಎನ್ನುತ್ತಾರೆ. ಮಕ್ಕಳ ಫೋಟೋಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ?

ಉತ್ತರ: ಹೋಗಿರಲೂಬಹುದು. ಆದರೆ ನೀವು ಹೇಳಿದ ಲಕ್ಷಣಕ್ಕೆ ನನ್ನ ಮೊದಲ ಅನುಮಾನ, ಕೆಲಸದ ಹೊತ್ತಿನಲ್ಲಿ ಮಾಹಿತಿ ಹಿಡಿದಿಡುವ ರ‍್ಯಾಮ್ ಮೇಲೆ. ಫೋಟೋಗಳ ಬಗ್ಗೆ ಸದ್ಯಕ್ಕೆ ಗಾಬರಿ ಬೇಡ. ಅವು ಇರುವುದು ಡಿಸ್ಕ್‌ನಲ್ಲಿ, ನಿಮ್ಮ ಕಂಪ್ಯೂಟರ್ ಡಿಸ್ಕಿನ ತನಕ ಹೋಗುತ್ತಲೇ ಇಲ್ಲ.

ಪವರ್ ಬಟನ್ ಒತ್ತಿದಾಗ ಮೊದಲು ಕರೆಂಟ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಎದ್ದು 12, 5 ಮತ್ತು 3.3 ವೋಲ್ಟ್ ಕೊಡಲು ಶುರುಮಾಡುತ್ತದೆ. ವೋಲ್ಟೇಜ್ ನೆಟ್ಟಗಾದ ಮೇಲೆ ಪ್ರೊಸೆಸರ್ ಎದ್ದು, ಮದರ್‌ಬೋರ್ಡ್ ಚಿಪ್‌ನಲ್ಲಿರುವ ಬಯೋಸ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸುತ್ತದೆ. ಬಯೋಸ್ ರ‍್ಯಾಮ್ ಇದೆಯೇ, ಚಿತ್ರ ಕಳಿಸಲು ದಾರಿ ಇದೆಯೇ ಎಂದು ನೋಡಿಕೊಳ್ಳುತ್ತದೆ. ಈ ತಪಾಸಣೆಗೆ ಪೋಸ್ಟ್ ಎಂದು ಹೆಸರು. ಅದು ಮುಗಿದರೆ ಮಾತ್ರ ಕಂಪನಿಯ ಲೋಗೋ ಕಾಣುವುದು, ಆಮೇಲೆ ಡಿಸ್ಕ್, ಆಮೇಲೆ ವಿಂಡೋಸ್. ನಿಮ್ಮದು ಲೋಗೋ ಬರುವ ಮೊದಲೇ ನಿಂತಿದೆ. ಹಾಗಾಗಿ ಯಾರಾದರೂ "ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತೆ" ಎಂದರೆ ಅಲ್ಲಿಂದ ಎದ್ದು ಬನ್ನಿ. ಫ್ಯಾನ್ ತಿರುಗುವುದನ್ನೂ ದೊಡ್ಡ ಸಾಕ್ಷಿ ಅಂದುಕೊಳ್ಳಬೇಡಿ, 12 ವೋಲ್ಟ್ ಬಂದರೆ ಸಾಕು ಅದು ತಿರುಗುತ್ತದೆ.

ಕ್ಯಾಬಿನೆಟ್ ಬಿಚ್ಚುವ ಮುಂಚೆ ಕೀಬೋರ್ಡಿನಲ್ಲಿ ನಮ್ ಲಾಕ್ ಒತ್ತಿ. ಅದರ ದೀಪ ಒತ್ತಿದ ಹಾಗೆ ಉರಿದು ಆರುತ್ತಿದ್ದರೆ ಕಂಪ್ಯೂಟರ್ ಒಳಗೊಳಗೇ ಎದ್ದಿದೆ, ಚಿತ್ರವಷ್ಟೇ ಹೊರಗೆ ಬರುತ್ತಿಲ್ಲ. ಆಗ ಮಾನಿಟರ್ ಕೇಬಲ್ ಬಿಚ್ಚಿ ಗಟ್ಟಿಯಾಗಿ ಸಿಕ್ಕಿಸಿ, ಮಾನಿಟರ್ ಬಟನ್‌ನಲ್ಲಿ ಸರಿಯಾದ ಇನ್‌ಪುಟ್ ಆರಿಸಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹೋಗಬೇಕು. ಧೂಳು ಒರೆಸಿ ಮತ್ತೆ ಜೋಡಿಸುವಾಗ ಅದನ್ನು ಮದರ್‌ಬೋರ್ಡ್‌ನ ಕಿಂಡಿಗೆ ಸಿಕ್ಕಿಸಿ, "ಸತ್ತೇ ಹೋಯಿತು" ಎನ್ನುವವರು ಕಡಿಮೆಯೇನಿಲ್ಲ. ಯುಪಿಎಸ್ ಇದ್ದರೆ ಸದ್ಯಕ್ಕೆ ಅದನ್ನು ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ.

ನಮ್ ಲಾಕ್ ದೀಪ ಅಲುಗದಿದ್ದರೆ ಒಳಗೆ ಕೈ ಹಾಕಬೇಕು. ಪ್ಲಗ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಖಾಲಿಯಾಗುತ್ತದೆ. ಪಕ್ಕದ ಮುಚ್ಚಳ ತೆಗೆದು, ಬಣ್ಣ ಬಳಿಯದ ಲೋಹದ ಭಾಗ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಟಾರ್ಚ್ ಬಿಟ್ಟು ಒಮ್ಮೆ ನೋಡುವುದೂ ಒಳ್ಳೆಯದು: ನಮ್ಮ ಕಡೆ ಕ್ಯಾಬಿನೆಟ್ ಬೆಚ್ಚಗಿರುತ್ತದೆಂದು ಹಲ್ಲಿ, ಇರುವೆ ಸಂಸಾರ ಹೂಡುವುದುಂಟು.

ಈಗ ರ‍್ಯಾಮ್. ಎರಡೂ ತುದಿಯ ಕ್ಲಿಪ್ ಸರಿಸಿ ಪಟ್ಟಿಯನ್ನು ಮೇಲಕ್ಕೆತ್ತಿ. ಕೆಳಗಿನ ಚಿನ್ನದ ಬಣ್ಣದ ಅಂಚಿನ ಮೇಲೆ ಧೂಳು, ತೇವ ಸೇರಿ ಕಣ್ಣಿಗೆ ಕಾಣದ ಪೊರೆ ಕೂತಿರಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಆಗಿದ್ದ ಯಂತ್ರಕ್ಕೆ ಅದು ಇನ್ನೂ ಸುಲಭ. ಶಾಲೆಯ ಮಕ್ಕಳ ಬಿಳಿ ರಬ್ಬರ್ ತಗೊಂಡು ಆ ಅಂಚನ್ನು ಎರಡೂ ಕಡೆ ಹಗುರಾಗಿ ಉಜ್ಜಿ, ರಬ್ಬರ್ ಪುಡಿಯನ್ನು ಒಣ ಬ್ರಷ್‌ನಿಂದ ಪೂರ್ತಿ ಕೊಡವಿ. ಸ್ಲಾಟಿನೊಳಗೆ ಒದ್ದೆ ಬಟ್ಟೆ ತುರುಕಬೇಡಿ. ಮತ್ತೆ ಕೂರಿಸುವಾಗ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ, ಹೊಸಬರು ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಎರಡು ಪಟ್ಟಿ ಇದ್ದರೆ ಒಂದನ್ನೇ ಹಾಕಿ, ಸ್ಲಾಟ್ ಬದಲಿಸಿ, ಆಮೇಲೆ ಇನ್ನೊಂದನ್ನು ಹಾಕಿ ನೋಡಿ. ಪ್ರತಿ ಸಲವೂ ಪ್ಲಗ್ ಕಿತ್ತೇ ಮಾಡಬೇಕು. ಒಂದು ಪಟ್ಟಿ ಕೆಟ್ಟು ಇನ್ನೊಂದು ಚೆನ್ನಾಗಿರುವುದು ಸಾಮಾನ್ಯ.

ಆಗಲೂ ಸ್ಕ್ರೀನ್ ಬರದಿದ್ದರೆ, ಅಂಗಡಿಯವರ ಮಾತಿಗೆ ನೇರ ಉತ್ತರ ಕೊಡುವ ಪರೀಕ್ಷೆ ಒಂದಿದೆ. ಮದರ್‌ಬೋರ್ಡಿನಲ್ಲಿ ಸ್ಪೀಕರ್ ಎಂದು ಗುರುತಿರುವ ನಾಲ್ಕು ಪಿನ್‌ಗಳಿರುತ್ತವೆ. ಅದಕ್ಕೆ ಸಿಕ್ಕಿಸುವ ಪುಟ್ಟ ಬಜರ್ ಅಗ್ಗಕ್ಕೆ ಸಿಗುತ್ತದೆ, ಈಚಿನ ಕ್ಯಾಬಿನೆಟ್‌ಗಳ ಜೊತೆ ಅದನ್ನು ಕೊಡುವುದೇ ಅಪರೂಪ. ಬಜರ್ ಹಾಕಿ, ರ‍್ಯಾಮ್ ಎಲ್ಲ ತೆಗೆದು, ಆನ್ ಮಾಡಿ. ಬೀಪ್ ಬೀಪ್ ಎಂದು ಕೂಗಿಕೊಂಡರೆ, ರ‍್ಯಾಮ್ ಇಲ್ಲವೆಂದು ದೂರುವಷ್ಟಾದರೂ ಬೋರ್ಡ್, ಪ್ರೊಸೆಸರ್, ಬಯೋಸ್ ಮೂರೂ ಬದುಕಿವೆ. ಆಗ ಬೇರೆಯವರ ಚೆನ್ನಾಗಿರುವ ರ‍್ಯಾಮ್ ಒಂದನ್ನು ಹಾಕಿ ನೋಡುವುದು ಮುಂದಿನ ಕೆಲಸ. ಬೀಪ್ ಎಷ್ಟು ಸಲ ಅಂದರೆ ಏನರ್ಥ ಎಂಬ ಪಟ್ಟಿ ಬಾಯಿಪಾಠ ಮಾಡುವುದು ಬೇಡ, ಒಂದೊಂದು ಬಯೋಸಿಗೆ ಒಂದೊಂದು ಲೆಕ್ಕ. ಕೆಲವು ಬೋರ್ಡ್‌ಗಳಲ್ಲಿ ಬೀಪ್ ಬದಲು ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಸಣ್ಣ ದೀಪಗಳಿರುತ್ತವೆ, ಯಾವುದು ಆರದೆ ಉಳಿಯಿತೋ ತೊಡಕು ಅಲ್ಲಿ.

ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿಯನ್ನೂ ಬದಲಿಸಿಬಿಡಿ. ಅದು 3 ವೋಲ್ಟಿನ ಸಿಆರ್ 2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಗೋಡೆಯ ಸ್ವಿಚ್ ಆಫ್ ಇದ್ದಷ್ಟು ದಿನ ಗಡಿಯಾರವನ್ನೂ ಬಯೋಸ್ ಸೆಟ್ಟಿಂಗ್‌ಗಳನ್ನೂ ಹಿಡಿದಿಟ್ಟುಕೊಳ್ಳುವುದು ಅದೇ. ಏಳು ವರ್ಷದ ಸೆಲ್ ಕೆಲವು ವಾರ ಒಂಟಿಯಾಗಿ ದುಡಿದರೆ ಖಾಲಿಯಾಗುವುದರಲ್ಲಿ ಆಶ್ಚರ್ಯವಿಲ್ಲ. ಸಾಮಾನ್ಯವಾಗಿ ಅದರಿಂದ ತಾರೀಖು ತಪ್ಪುತ್ತದೆ ಅಷ್ಟೇ, ಆದರೆ ಸೆಟ್ಟಿಂಗ್ ಕೆಟ್ಟು ಕಪ್ಪು ಸ್ಕ್ರೀನಿನಲ್ಲಿ ನಿಲ್ಲುವ ಬೋರ್ಡ್‌ಗಳೂ ಇವೆ. ಪ್ಲಗ್ ಕಿತ್ತು, ಹಳೆ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹೊಸದು ಹಾಕಿದರೆ ಸೆಟ್ಟಿಂಗ್ ಬೋರ್ಡ್ ಹೊಸದರಲ್ಲಿ ಇದ್ದಂತಾಗುತ್ತದೆ.

ಎಸ್‌ಎಂಪಿಎಸ್ ಮೇಲೆ ಅನುಮಾನ ಬಂದರೆ ಚೆನ್ನಾಗಿರುವ ಇನ್ನೊಂದನ್ನು ತಂದು ಹಾಕಿ ನೋಡುವುದೊಂದೇ ನಂಬಬಹುದಾದ ದಾರಿ. ಹಸಿರು ತಂತಿಗೂ ಕಪ್ಪು ತಂತಿಗೂ ಪೇಪರ್ ಕ್ಲಿಪ್ ಹಾಕುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಎಸ್‌ಎಂಪಿಎಸ್ ಎದ್ದಿತೇ ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ಭಾರ ಬಿದ್ದಾಗ ತಡೆಯುತ್ತದೆಯೇ ಎಂಬುದು ತಿಳಿಯುವುದಿಲ್ಲ. ಆ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇಬೇಡಿ. ಒಳಗಿನ, ಚಾರ್ಜ್ ಹಿಡಿದಿಡುವ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೇಲಿನ ಡಿಸಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಇಷ್ಟೆಲ್ಲ ಆಗಿ, ರ‍್ಯಾಮ್ ತೆಗೆದಾಗಲೂ ಬೋರ್ಡ್ ಉಸಿರೆತ್ತದೆ, ಬೇರೆ ಎಸ್‌ಎಂಪಿಎಸ್ ಹಾಕಿದರೂ ಹಾಗೇ ಇದ್ದರೆ ಅಂಗಡಿಯವರ ಮಾತು ನಿಜವಿರಬಹುದು. ತಲೆ ಉಬ್ಬಿದ ಕೆಪಾಸಿಟರ್, ಸುಟ್ಟ ವಾಸನೆ ಇದ್ದರಂತೂ ಸಂಶಯ ಕಡಿಮೆ. ಮಲೆನಾಡಿನಲ್ಲಿ ಸಿಡಿಲು ಕರೆಂಟ್ ತಂತಿಯಲ್ಲೇ ಬರಬೇಕೆಂದಿಲ್ಲ, ರೂಟರ್‌ನಿಂದ ಬರುವ ನೆಟ್‌ವರ್ಕ್ ಕೇಬಲ್ ಹಿಡಿದೂ ಬರುತ್ತದೆ. ಊರಿಗೆ ಹೋಗುವಾಗ ಅದನ್ನು ಕಿತ್ತಿದ್ದಿರಾ? ಬೋರ್ಡ್ ಬದಲಿಸುವುದಾದರೆ ನಿಮ್ಮ ಪ್ರೊಸೆಸರ್ ಕೂರುವ ಸಾಕೆಟ್ಟೇ ಬೇಕು, ರ‍್ಯಾಮ್ ಜಾತಿಯೂ ಹೊಂದಬೇಕು. ಏಳು ವರ್ಷ ಹಳೆಯದಕ್ಕೆ ಹೊಸ ಬೋರ್ಡ್ ಸಿಗುವುದು ಕಷ್ಟ, ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಹುಡುಕಬೇಕಾಗುತ್ತದೆ. ಅದಕ್ಕೆ ಹೆಚ್ಚು ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಯಾವ ದಾರಿ ಹಿಡಿದರೂ, ಕಂಪ್ಯೂಟರನ್ನು ಅಂಗಡಿಗೆ ಕೊಡುವ ಮುಂಚೆ ಡಿಸ್ಕ್ ಬಿಚ್ಚಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಡಿಸ್ಕಿನ ಸಾಟಾ ಕಿಂಡಿಯಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಕೊಂಡು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಫೋಟೋಗಳನ್ನು ನಕಲಿಸಿಕೊಳ್ಳಬಹುದು. ಡೆಸ್ಕ್‌ಟಾಪಿನ ದೊಡ್ಡ 3.5 ಇಂಚಿನ ಹಾರ್ಡ್ ಡಿಸ್ಕ್ ಆದರೆ ಜೊತೆಗೆ ಬೇರೆ ಪವರ್ ಅಡಾಪ್ಟರ್ ಬರುವ ಕೇಬಲ್ ತಗೊಳ್ಳಿ, ಬರೀ ಯುಎಸ್‌ಬಿ ಕರೆಂಟ್ ಅದಕ್ಕೆ ಸಾಲದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಆಗಿದ್ದರೆ 48 ಅಂಕಿಯ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುತ್ತಿದ್ದಿರಾದರೆ ಆ ಖಾತೆಯಲ್ಲಿ ಹುಡುಕಿ ನೋಡಿ. ಜೋಡಿಸಿದಾಗ ಡಿಸ್ಕ್ ಒಳಗಿಂದ ಒಂದೇ ಸಮನೆ ಟಕ್ ಟಕ್ ಎಂದರೆ ತಕ್ಷಣ ಕೇಬಲ್ ಕಿತ್ತು, ಮತ್ತೆ ಮತ್ತೆ ಆನ್ ಮಾಡಿ ನೋಡದೆ, ಡೇಟಾ ರಿಕವರಿ ಮಾಡುವವರಿಗೆ ಒಪ್ಪಿಸಿ.